ಹೊಸ ಕಂಪ್ಯೂಟರು ಯಾಕೆ ಎಳೆಯುತ್ತದೆ

ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಡಿಗ್ರಿ ಅನ್ನುವುದು ಹಾಲಿಗೆ ಮಾತ್ರ ಇತ್ತು. ಡೈರಿಯ ಸೆಕ್ರೆಟರಿ ಹಾಲಿನೊಳಗೆ ಗಾಜಿನ ಕಡ್ಡಿ ಬಿಟ್ಟು, "ಮುನಿಸ್ವಾಮಣ್ಣ, ಇವತ್ತು ಡಿಗ್ರಿ ಕಮ್ಮಿ ಐತೆ" ಅಂದರೆ ನಮ್ಮಪ್ಪನ ಮುಖ ಇಷ್ಟೇ ಇಷ್ಟು ಆಗಿಬಿಡುತ್ತಿತ್ತು. ನಾನು ಬಿ.ಎಸ್ಸಿ. ಪಾಸಾದ ದಿನ ಅದೇ ಡೈರಿ ಬಾಗಿಲಲ್ಲಿ ನಿಂತು, "ನಮ್ಮ ಮಗೀಗೂ ಡಿಗ್ರಿ ಬಂತು ಕಣ್ರಪ್ಪಾ. ಇದಕ್ಕೆ ಯಾರೂ ನೀರು ಬೆರೆಸಕ್ಕಾಗಲ್ಲ" ಎಂದನಂತೆ.

ಆ ಡಿಗ್ರಿ ಹಿಡಿದುಕೊಂಡು ನಾನು ಸೇರಿದ್ದು ಬಂಗಾರಪೇಟೆ ಬಜಾರಿನ ಒಂದು ಕಂಪ್ಯೂಟರ್ ಅಂಗಡಿಗೆ. ಮಾಲೀಕರು ಶೆಟ್ಟರು. ಮನೆಮಾತು ತೆಲುಗು, ವ್ಯಾಪಾರಕ್ಕೆ ಕನ್ನಡ, ಕೋಪಕ್ಕೆ ಯಾವುದು ಮೊದಲು ಕೈಗೆ ಸಿಕ್ಕಿತೋ ಅದು. ಅಲ್ಲೇ ತಲೆ ನರೆಯುವವರೆಗೆ ಸ್ಕ್ರೂಡ್ರೈವರ್ ಹಿಡಿದೆ. ಸ್ಕ್ರೂ ಯಾವುದು, ಸ್ಕ್ರೂವಿನ ನೆರಳು ಯಾವುದು ಎಂದು ಕಣ್ಣಿಗೆ ತಿಳಿಯದೆ ಹೋದಾಗ ಬಿಟ್ಟೆ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಮನೆಗೆ ಬಂದು, "ಲಕ್ಷ್ಮಕ್ಕ, ಈ ಲೈನು ಹೆಂಗೆ?" ಎಂದು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು, ನನ್ನ ಕುರ್ಚಿಗೆ ಚಕ್ರ ಯಾವಾಗ ಬಂತು ಅನ್ನುವುದೆಲ್ಲ ಇಲ್ಲಿ ಬೇಡ.

ಮೊದಮೊದಲು ಆಟಕ್ಕಾಗಿ ಕಂಪ್ಯೂಟರ್ ರಿಪೇರಿ ಮಾಡಿಸುತ್ತಿದ್ದೇನೆ ಎಂದು ಯಾವ ಗಿರಾಕಿಯೂ ಒಪ್ಪಿಕೊಳ್ಳುತ್ತಿರಲಿಲ್ಲ. ಮಂಡಿಯ ಯಜಮಾನರೊಬ್ಬರು ಪೆಟ್ಟಿಗೆ ಹೊರಿಸಿಕೊಂಡು ಬಂದು, "ಲೆಕ್ಕ ಬರೆಯೋದು ಭಾಳ ನಿಧಾನ ಆಗೈತಮ್ಮ" ಅನ್ನುವರು. ಆನ್ ಮಾಡಿದರೆ ಲೆಕ್ಕ ನೆಟ್ಟಗೇ ಓಡುತ್ತಿರುತ್ತದೆ. ಕಾರ್ ರೇಸು ಮಾತ್ರ ಎತ್ತಿನ ಗಾಡಿಯ ಹಾಗೆ ಹೋಗುತ್ತಿರುತ್ತದೆ. ನಾನು ಲೆಕ್ಕವನ್ನು ಮುಟ್ಟದೆ ಕಾರನ್ನು ಸರಿಮಾಡಿ ಕೊಡುತ್ತಿದ್ದೆ. ಅವರು, "ಲೆಕ್ಕ ಈಗ ಚೆನ್ನಾಗಿ ಓಡ್ತೈತೆ" ಎಂದು ಸಂತೋಷದಿಂದ ಒಯ್ಯುತ್ತಿದ್ದರು.

ಈಗ ಕಾಲ ಬೇರೆ. ಆಟಕ್ಕೆಂದೇ ಹೊಸ ಡೆಸ್ಕ್‌ಟಾಪ್ ಕೊಳ್ಳುತ್ತಾರೆ, ಒಳಗೆ ದೀಪ ಉರಿಯುತ್ತದೆ, ಪಕ್ಕಕ್ಕೆ ಗಾಜು. ಅದರಲ್ಲೂ ಆಟ ತಡವರಿಸಿದರೆ ನಮ್ಮ ಕಡೆ ಹೊಟ್ಟೆಯುರಿ ಹೆಚ್ಚು. ಹಳೆಯದು ನಿಧಾನವಾದರೆ ವಯಸ್ಸಾಯಿತು ಅಂತಾರೆ. ಹೊಸದು ನಿಧಾನವಾದರೆ ಮೋಸ ಅಂತಾರೆ. ನನ್ನ ಅನುಭವದಲ್ಲಿ ಮೋಸ ಇರುವುದು ಅಪರೂಪ. ಹೊಸ ಕಂಪ್ಯೂಟರಿಗೆ ಶಕ್ತಿ ಇದ್ದೇ ಇರುತ್ತದೆ. ಯಾರೋ ಎಲ್ಲೋ ಅದನ್ನು ಗೊತ್ತಿಲ್ಲದೆ ಕಟ್ಟಿಹಾಕಿರುತ್ತಾರೆ. ಗಂಟು ಎಲ್ಲಿದೆ ಎಂದು ಹುಡುಕುವುದೇ ನಮ್ಮ ಕೆಲಸ.

ಆ ಮಾತಿಗೆ ನನಗೆ ಮೊದಲು ನೆನಪಾಗುವವಳು ಕೆ.ಜಿ.ಎಫ್. ಗಣಿ ಪ್ರದೇಶದ ಕೋರಮಂಡಲ್‌ನ ಸೆಲ್ವಿ. ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚಿನ ಆಷಾಢ ಅದು. ಸೆಲ್ವಿ ರವಿಕೆ ಹೊಲಿಯುತ್ತಿದ್ದವಳು. ಹೊಲಿಗೆ ಕಮ್ಮಿಯಾದ ಮೇಲೆ ಗಣಿ ಕಾಲದ ತನ್ನ ಕ್ವಾರ್ಟರ್ಸಿನ ಮುಂಕೋಣೆಯಲ್ಲಿ ಆರು ಹೊಸ ಕಂಪ್ಯೂಟರ್ ಇಟ್ಟು ಗೇಮ್ ಸೆಂಟರ್ ತೆರೆದಿದ್ದಳು. ಆರನ್ನೂ ಜೋಡಿಸಿ ಕೊಟ್ಟವಳು ನಾನೇ.

ಒಂದು ಬುಧವಾರ ಅವಳ ಫೋನು.

"ಅಕ್ಕಾ, ಎಳೀತೈತೆ ಕ್ಕಾ."

"ಎಳೆಯೋದು ಆಟವಾ, ಕೈಯಾ?"

"ಕೈ ಯಾಕೆ ಎಳೀತದೆ?" ಎಂದಳು ಸೆಲ್ವಿ.

ಈ ಪ್ರಶ್ನೆ ನನಗೆ ಹೇಗೆ ಅಂಟಿಕೊಂಡಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಆಟ ತಡವರಿಸಿದರೆ ನಮ್ಮ ಕಡೆ ಕನ್ನಡದವರು ಎಳೀತೈತೆ ಅಂತಾರೆ, ತೆಲುಗಿನವರು ಲಾಗ್ತದೆ ಅಂತಾರೆ. ತೆಲುಗಿನಲ್ಲಿ ಲಾಗುವುದು ಅಂದರೆ ಎಳೆಯುವುದೇ. ಕಾಲೇಜು ಹುಡುಗರ ಇಂಗ್ಲಿಷ್ ಲ್ಯಾಗು ಬಂದು ಈ ಲಾಗುವಿನ ಪಕ್ಕ ಕೂತಿತೋ, ಯಾರು ಯಾವುದನ್ನು ಹೇಳುತ್ತಿದ್ದಾರೆ ಎಂದು ದೇವರೇ ಬಲ್ಲ.

ಕಾಮಸಮುದ್ರದ ಕಡೆಯ ಒಂದು ಹಳ್ಳಿಯಿಂದ ನಾರಾಯಣಮ್ಮ ಎಂಬ ಅಜ್ಜಿ ಫೋನ್ ಮಾಡಿ, ಮೊಮ್ಮಗನ ಹೊಸ ಕಂಪ್ಯೂಟರು ಲಾಗ್ತದೆ ಎಂದಿದ್ದರು. ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡಹೋದರೆ, "ಬೇಡಮ್ಮಾ, ಹಾಕ್ಕೊಂಡೇ ಒಳಕ್ಕೆ ಬಾ" ಎಂದರು. ಡಿಗ್ರಿ ಮಾಡಿದವಳಿಗೆ ಕೊಡುವ ಮರ್ಯಾದೆ ಎಂದುಕೊಂಡೆ. ಮಧ್ಯಾಹ್ನವೆಲ್ಲ ಕೂತು ಆಟದ ನೆರಳು ಕಮ್ಮಿ ಮಾಡಿದೆ, ಹುಲ್ಲು ಕಮ್ಮಿ ಮಾಡಿದೆ, ನೀರಿನ ಹೊಳಪು ತೆಗೆದೆ. ಅಜ್ಜಿ ಕಾಫಿ ಕೊಟ್ಟು ಸುಮ್ಮನೆ ನೋಡುತ್ತಿದ್ದರು. ಹೊರಡುವಾಗ ಗೋಡೆಯ ಮೇಲಿದ್ದ ವೆಂಕಟರಮಣನ ಪಟಕ್ಕೆ ಕೈಮುಗಿಯೋಣ ಎಂದು ಚಪ್ಪಲಿ ಬಿಟ್ಟು, ಆಸರೆಗೆ ಕ್ಯಾಬಿನೆಟ್ ಮೇಲೆ ಕೈ ಊರಿದೆ. ಮೊಣಕೈವರೆಗೂ ಜುಮ್ ಎಂದು ಎಳೆಯಿತು.

"ನೋಡಿದೆಯಾ, ಲಾಗ್ತು," ಎಂದರು ನಾರಾಯಣಮ್ಮ. "ಅದಕ್ಕೇ ಚಪ್ಪಲಿ ಹಾಕ್ಕೊಂಡು ಬಾ ಅಂದಿದ್ದು. ನೀನು ಓದಿದೋಳು, ಬೇಕಂತಲೇ ಹುಲ್ಲು ಕೀಳ್ತಾ ಕೂತಿದ್ದೀಯ ಅನ್ಕೊಂಡೆ."

ಆ ಮನೆಯಲ್ಲಿ ಅರ್ಥಿಂಗೇ ಇರಲಿಲ್ಲ. ಎರಡು ಕಡ್ಡಿಯ ಪಿನ್ನು ಹಾಕಿ ನಡೆಸುತ್ತಿದ್ದರು. ಶೆಟ್ಟರಿಗೆ ಹೇಳಿದಾಗ ಅವರು ನಗಲೂ ಇಲ್ಲ. "ಲಕ್ಷ್ಮಮ್ಮಾ, ಇನ್ಮೇಲೆ ಫೋನಲ್ಲೇ ಕೇಳು. ಲಾಗೋದು ಆಟವಾ, ಕೈಯಾ ಅಂತ. ಕೈ ಅಂದ್ರೆ ಮೊದಲು ಸ್ವಿಚ್ ಆರಿಸೋಕೆ ಹೇಳು, ಆಮೇಲೆ ಬಸ್ ಹತ್ತು." ಇಷ್ಟು ವರ್ಷದಲ್ಲಿ ಅವರು ಹೇಳಿದ ಮಾತುಗಳಲ್ಲಿ ಹುಡುಗರೇ, ಇದೊಂದನ್ನು ಮರೆಯಬೇಡಿ.

ಸೆಲ್ವಿಯದು ಕೈ ಅಲ್ಲ, ಆಟ. ಗುರುವಾರ ಬೆಳಿಗ್ಗೆಯೇ ಹೋದೆ. ಹೊರಗೆ ಆಷಾಢದ ಗಾಳಿ ತಗಡು ಎಬ್ಬಿಸುತ್ತಿತ್ತು. ಅವಳು ಬಾಗಿಲು ತೆಗೆದು ನನ್ನನ್ನು ಒಳಕ್ಕೆ ಎಳೆದುಕೊಂಡು ತಕ್ಷಣ ಮುಚ್ಚಿದಳು.

"ವಾ ಕ್ಕಾ, ಕೂತ್ಕೋ. ಮೊದಲು ವಿಷಯ ಕೇಳು. ಮೊದಲ ಅರ್ಧ ಗಂಟೆ ಬೆಣ್ಣೆ. ಆಮೇಲೆ ಎಳೆಯೋಕೆ ಶುರು. ಗುಂಡು ಹೊಡೆದ್ರೆ ನಾಳೆ ಓಗಿ ಬೀಳ್ತದೆ ಅಂತಾರೆ ಹುಡುಗ್ರು. ಒಬ್ಬೊಬ್ಬನೇ ಬರೋದು ನಿಲ್ಲಿಸ್ತಾ ಅವ್ನೆ. ಈ ಭಾನುವಾರ ಬಂಗಾರಪೇಟೆಯವ್ರಿಗೂ ನಮ್ಮ ಹುಡುಗ್ರಿಗೂ ಮ್ಯಾಚು. ಅದು ನೆಟ್ಟಗೆ ನಡೆದ್ರೆ ಸೆಂಟರ್ ಉಳಿಯುತ್ತೆ. ಇಲ್ಲಾಂದ್ರೆ ಸೋಮವಾರ ನಾನು ಬೆಂಗಳೂರು ಟ್ರೈನು."

ಗಾರ್ಮೆಂಟ್ಸ್‌ನಲ್ಲಿ ಅವಳಿಗೆ ಕೆಲಸ ಸಿದ್ಧವಾಗಿತ್ತು. ಪಕ್ಕದ ಮನೆಯ ಕನಕ ದಿನಾ ಹೋಗುವವಳು, ಅವಳೇ ಮಾತಾಡಿಸಿದ್ದಳು. ಸೋಮವಾರ ಬಾರದಿದ್ದರೆ ಆ ಜಾಗ ಇನ್ನೊಬ್ಬಳಿಗೆ.

"ಹೊಲಿಗೆ ನಿನಗೆ ಹೊಸದಾ?" ಎಂದೆ ಸಮಾಧಾನಕ್ಕೆ.

"ಹೊಲಿಗೆ ಬೇಜಾರಲ್ಲ ಕ್ಕಾ. ಅಲ್ಲಿ ಬರೀ ಕಾಲರ್. ಬೆಳಿಗ್ಗೆ ಕೂತ್ರೆ ಸಂಜೆವರೆಗೂ ಕಾಲರ್. ಇಡೀ ಅಂಗಿ ಹೆಂಗೈತೆ ಅಂತ ನೋಡೋಕೇ ಸಿಗಲ್ಲ."

ಇನ್ನು ನನ್ನ ಕೆಲಸ. ಹೊಸ ಕಂಪ್ಯೂಟರು ಎಳೆದರೆ ನಾನು ನೋಡುವ ಕ್ರಮ ಒಂದಿದೆ. ಪುಸ್ತಕದಿಂದ ಬಂದ ಕ್ರಮವಲ್ಲ. ಒಂದೊಂದೂ ಒಂದೊಂದು ಮನೆಯಲ್ಲಿ ಬೆವರು ಸುರಿಸಿ ಕಲಿತದ್ದು.

ಮೊದಲು ಹಿಂಬದಿಗೆ ಬಗ್ಗಿ, ಮಾನಿಟರಿನ ವೈರು ಯಾವ ತೂತಿಗೆ ಹೋಗಿದೆ ಎಂದು ನೋಡುತ್ತೇನೆ. ಕೆ.ಜಿ.ಎಫ್.ನ ಕಾರ್ಖಾನೆಯೊಂದರ ದೊಡ್ಡ ಅಧಿಕಾರಿ ಬೆಲೆಬಾಳುವ ಗ್ರಾಫಿಕ್ಸ್ ಕಾರ್ಡು ತರಿಸಿ ಹಾಕಿಸಿಕೊಂಡು, ಹಳೆಯದಕ್ಕಿಂತ ಕಡೆ ಎಂದು ಅಂಗಡಿಯಲ್ಲಿ ನಿಂತು ಕೂಗಾಡಿದ್ದರು. ಮನೆಗೆ ಹೋಗಿ ನೋಡಿದರೆ ವೈರನ್ನು ಮದರ್‌ಬೋರ್ಡಿನ ತೂತಿಗೆ ಚುಚ್ಚಿದ್ದಾರೆ. ಅದೇ ಮೇಲಿತ್ತು, ಕೈಗೆ ಎಟುಕುತ್ತಿತ್ತು. ಕಾರ್ಡು ಕೆಳಗೆ ತೆಪ್ಪಗೆ ನಿದ್ದೆ ಹೊಡೆಯುತ್ತಿತ್ತು. "ಸಾರ್, ಇದು ಎಮ್ಮೆ ಕೊಂಡು ತಂದು ಕೊಟ್ಟಿಗೇಲಿ ಕಟ್ಟಿ, ಹಾಲು ಅಂಗಡಿಯಿಂದ ತರಿಸಿದ ಹಾಗೆ ಆಯಿತು" ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಅವರ ಹೆಂಡತಿ ಒಳಗಿನಿಂದ, "ಅವರು ಎಲ್ಲದರಲ್ಲೂ ಹಾಗೇನೇ ಕಣಮ್ಮ" ಎಂದರು. ಅವತ್ತಿನಿಂದ ಸಾಹೇಬರು ಅಂಗಡಿಗೆ ಬಂದರೆ ಶೆಟ್ಟರ ಹತ್ತಿರ ಮಾತ್ರ ಮಾತು.

ಸೆಲ್ವಿಯ ಆರೂ ವೈರು ಸರಿಯಾದ ತೂತಿನಲ್ಲೇ ಇದ್ದವು.

ಆಮೇಲೆ ಮಾನಿಟರಿನ ಸೆಟ್ಟಿಂಗು. ಪರದೆ ಒಂದು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬೇಕು ಎಂದು ಅಲ್ಲಿ ಹೇಳಿಕೊಡಬೇಕು. ಒಳ್ಳೆ ಮಾನಿಟರು ನೂರ ನಲವತ್ತನಾಲ್ಕು ಸಲ ಬದಲಿಸಬಲ್ಲದು. ಆದರೆ ನಾವು ಹೇಳದಿದ್ದರೆ ಅರವತ್ತಕ್ಕೇ ಕೂತಿರುತ್ತದೆ. ಇದನ್ನು ಆಂಡರ್ಸನ್‌ಪೇಟೆಯ ಒಬ್ಬ ಹೆಡ್ ಕಾನ್‌ಸ್ಟೆಬಲ್ ಮನೆಯಲ್ಲಿ ಮಾಡುವಾಗ, "ಸಾರ್, ನಿಮ್ಮ ಮಗಳ ರೂಮಲ್ಲಿ ನೂರ ನಲವತ್ನಾಲ್ಕು ಹಾಕ್ತಾ ಇದ್ದೀನಿ" ಎಂದೆ. ಊಟಕ್ಕೆ ಕೂತಿದ್ದವರು ಎಂಜಲು ಕೈಯಲ್ಲೇ ಎದ್ದು ಬಂದರು. "ಏನಮ್ಮಾ ಗಲಾಟೆ? ಐದು ಜನ ಸೇರಿಲ್ಲವಲ್ಲ." ಆ ಮನೆಯ ಹುಡುಗಿ ಈಗಲೂ ಆ ಕಂಪ್ಯೂಟರನ್ನು ಕರ್ಫ್ಯೂ ಎಂದೇ ಕರೆಯುತ್ತಾಳೆ.

ಸೆಲ್ವಿಯಲ್ಲಿ ಆರಕ್ಕೂ ನೂರ ನಲವತ್ತನಾಲ್ಕು ಹಾಕಿಯೇ ಇತ್ತು.

ಮೂರನೆಯದು ಮೆಮೊರಿ ಕಡ್ಡಿ. ಎರಡು ಕಡ್ಡಿ ಕೊಂಡವರು ಬಾಕ್ಸು ನೋಡದೆ ಪಕ್ಕಪಕ್ಕದಲ್ಲೇ ತುರುಕುತ್ತಾರೆ. ನಾಲ್ಕು ಜಾಗವಿರುವ ಬೋರ್ಡಿನಲ್ಲಿ ಒಂದು ಬಿಟ್ಟು ಒಂದರಲ್ಲಿ ಹಾಕಬೇಕು. ಯಾಕೆ ಎಂದು ನಮ್ಮಪ್ಪ ಒಂದು ದಿನ ಕೇಳಿದ. ಹೇಗೆ ಹೇಳಲಿ? ಅವನು ಆಗ ಹಾಲು ಕರೆಯುತ್ತಿದ್ದ. "ಒಂದೇ ಕೈಲಿ ಕರೆದ್ರೆ ಒಂದೇ ಧಾರೆ ಅಲ್ವೇನಪ್ಪ? ಎರಡು ಕೈಲಿ ಕರೆದ್ರೆ ತಂಬಿಗೆ ಬೇಗ ತುಂಬ್ತದೆ. ಕಡ್ಡಿ ಸರಿಯಾದ ಜಾಗದಲ್ಲಿ ಕೂತ್ರೆ ಎರಡು ಕೈ, ಇಲ್ಲಾಂದ್ರೆ ಒಂದೇ ಕೈ" ಎಂದೆ. "ಇಷ್ಟೇನಾ? ಇದಕ್ಕೆ ಮೂರು ವರ್ಷ ಓದಿಸಿದ್ನಾ ನಿನ್ನ?" ಎಂದ ನಮ್ಮಪ್ಪ. ಆದರೆ ಸಂಜೆ ಡೈರಿಯಲ್ಲಿ ಆರೇಳು ಜನಕ್ಕೆ ಅದನ್ನೇ ವಿವರಿಸಿದನಂತೆ, ತಾನೇ ಕಂಡುಹಿಡಿದ ಹಾಗೆ.

ಸೆಲ್ವಿಯ ಕಂಪ್ಯೂಟರುಗಳಲ್ಲಿ ಎರಡೂ ಕೈಯಲ್ಲಿ ಹಾಲು ಬರುತ್ತಿತ್ತು.

ಉಳಿದದ್ದು ಬಿಸಿ. ಹೊಸ ಕಂಪ್ಯೂಟರಿಗೆ ಒಂದು ಬುದ್ಧಿ ಇದೆ: ಮೈ ಬಿಸಿಯಾದರೆ ಸುಟ್ಟುಕೊಳ್ಳುವುದಿಲ್ಲ, ತಾನೇ ನಡಿಗೆ ನಿಧಾನ ಮಾಡಿಕೊಳ್ಳುತ್ತದೆ. ಆಟ ಹಾಕಿ, ಬಿಸಿ ತೋರಿಸುವ ಅಂಕಿಯನ್ನು ಪರದೆಯ ಮೂಲೆಯಲ್ಲಿ ಇಟ್ಟುಕೊಂಡು ಕೂತೆ. ಏರುತ್ತಾ ಹೋಗಿ ತೊಂಬತ್ತು ದಾಟಿತು. ಆಟ ಎಳೆಯತೊಡಗಿತು. ಆರರಲ್ಲೂ ಇದೇ ಕತೆ.

"ತಗಡಿನ ಸೂರು, ಅದಕ್ಕೇ" ಎಂದೆ.

"ಏನ್ ಕ್ಕಾ ಹೇಳ್ತೀಯ? ಇದು ಆಡಿ ಮಾಸ. ನಾನೇ ಸ್ವೆಟರ್ ಹಾಕ್ಕೊಂಡಿದ್ದೀನಿ."

ನಿಜ. ಅವಳ ತಮಿಳಿನ ಆಡಿ ಅಂದರೆ ನಮ್ಮ ಆಷಾಢವೇ. ಅವಳು ಸ್ವೆಟರ್ ಹಾಕಿಕೊಂಡಿದ್ದಳು.

ಒಂದು ಕಂಪ್ಯೂಟರಿನ ಪಕ್ಕದ ಗಾಜು ಬಿಚ್ಚಿದೆ. ಅಂಕಿ ಸರಸರ ಇಳಿಯಿತು. ಆಟ ಬೆಣ್ಣೆಯಾಯಿತು. "ಹಿಂಗೇ ಬಿಟ್ಟುಬಿಡು" ಎಂದು ನಾನು ಬೀಗುತ್ತಿದ್ದರೆ ಸೆಲ್ವಿ ಗಾಜನ್ನು ಕಿತ್ತುಕೊಂಡು ವಾಪಸ್ ಮುಚ್ಚಿದಳು.

"ಸೈನೈಡ್ ಗುಡ್ಡ ಕಾಣಲ್ವಾ ನಿನಗೆ? ಈ ಗಾಳಿ ಕಾಲದಲ್ಲಿ ತಟ್ಟೇಲಿರೋ ಅನ್ನ ಕೂಡ ಮುಚ್ಚಿ ಮುಚ್ಚಿ ತಿಂತೀವಿ. ಇದನ್ನ ತೆಗೆದಿಟ್ರೆ ಮೂರು ದಿನಕ್ಕೆ ಒಳಗೆ ಇಡ್ಲಿ ಹಿಟ್ಟು."

ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಗಣಿಯಿಂದ ಚಿನ್ನ ತೆಗೆದು ಉಳಿದ ಮಣ್ಣನ್ನೇ ಗುಡ್ಡ ಮಾಡಿ ಸುರಿದಿದ್ದಾರೆ. ಗಾಳಿ ಎದ್ದರೆ ಅದರ ಧೂಳು ಮುಖಕ್ಕೆ ಹಚ್ಚುವ ಪೌಡರಿಗಿಂತ ನುಣ್ಣಗೆ ಊರಿಗೆಲ್ಲ ಬರುತ್ತದೆ. ಕಿಟಕಿಗೆ ಒದ್ದೆ ಬಟ್ಟೆ, ಬಾಗಿಲ ಸಂದಿಗೆ ಗೋಣಿಚೀಲ, ನೀರಿನ ಬಿಂದಿಗೆಗೆ ತಟ್ಟೆ. ಅಲ್ಲಿ ಹುಟ್ಟಿದವರ ಕೈ ತಾನಾಗಿಯೇ ಎಲ್ಲವನ್ನೂ ಮುಚ್ಚುತ್ತದೆ. ಮುಚ್ಚಿದರೆ ಎಳೆಯುತ್ತದೆ, ತೆಗೆದರೆ ಧೂಳು. ಭಾನುವಾರ ಹತ್ತಿರ ಬರುತ್ತಿತ್ತು.

ಮುಂಬದಿಯಿಂದ ಗಾಳಿ ಎಳೆದುಕೊಳ್ಳುವ ಫ್ಯಾನು ತಿರುಗುತ್ತಿದೆಯೋ ಇಲ್ಲವೋ ನೋಡೋಣ ಎಂದು ಒಂದರ ಮುಖ ಕಿತ್ತೆ. ಜೋಡಿಸುವಾಗ ಆ ಮುಖವನ್ನು ನಾನು ಬಿಚ್ಚಿರಲಿಲ್ಲ. ಫ್ಯಾನುಗಳು ಕಾರ್ಖಾನೆಯಿಂದಲೇ ಕೂತು ಬಂದಿದ್ದವು. ಫ್ಯಾನು ತಿರುಗುತ್ತಿತ್ತು. ಅದರ ಮುಂದೆ ಬಿಳಿ ಬಟ್ಟೆಯ ಫಿಲ್ಟರ್ ಒಂದು ನೀಟಾಗಿ ಕೂತಿತ್ತು. ಸುತ್ತಲೂ ಮಡಿಸಿದ ಅಂಚು, ಮೂಲೆಗಳು ಚೂಪಾಗಿ, ಒಂದು ಸುಕ್ಕಿಲ್ಲ.

"ಫಿಲ್ಟರ್ ಏನು ಚೆನ್ನಾಗೈತೆ ಸೆಲ್ವಿ" ಎಂದೆ.

"ಚೆನ್ನಾಗೈತಾ ಕ್ಕಾ?" ಎಂದು ಅವಳು ಮುಖ ಅರಳಿಸಿದಳು. ಯಾಕೆ ಅರಳಿಸಿದಳು ಎಂದು ನಾನು ಯೋಚಿಸಲಿಲ್ಲ. ಕಂಪ್ಯೂಟರಿನ ಮುಖ ವಾಪಸ್ ಕೂರಿಸಿ ಬಂಗಾರಪೇಟೆಗೆ ಬಂದೆ.

ಶೆಟ್ಟರಿಗೆ ವರದಿ ಒಪ್ಪಿಸಿದೆ. ಕಂಪನಿಯವರು ಫಿಲ್ಟರ್ ಕೂಡ ಒಳ್ಳೇದೇ ಕೊಟ್ಟಿದ್ದಾರೆ, ಆದರೂ ಬಿಸಿ ಎಂದೆ.

"ಹಂಗಾದ್ರೆ ದೊಡ್ಡ ಕೂಲರ್ ಹಾಕಿಸು. ನೀರಿಂದು ಬಂದೈತಲ್ಲ, ಅದು. ಆರು."

"ಶೆಟ್ರೇ, ಕಾಯಿಲೆ ಗೊತ್ತಾಗ್ದೆ ಇಂಜೆಕ್ಷನ್ ಬೇಡ."

"ಇಂಜೆಕ್ಷನ್ ಮಾರೋ ಅಂಗಡಿ ಇಟ್ಕೊಂಡು ನಾನು ಇನ್ನೇನು ಹೇಳ್ಲಿ?" ಎಂದರು. ಆಮೇಲೆ ಅವರೇ ಹೇಳಿದರು: "ಆ ಫಿಲ್ಟರ್ ಒಂದು ತಗೊಂಡು ಬಾ. ನಮಗೆ ಬಂದ ಉಳಿದ ಕ್ಯಾಬಿನೆಟ್ಟಲ್ಲಿ ಅಂಥದ್ದು ನೋಡಿದ ನೆನಪಿಲ್ಲ."

ಗೋಡೌನಿಗೆ ಹೋಗಿ ಅದೇ ಮಾಡೆಲಿನ ಹೊಸ ಕ್ಯಾಬಿನೆಟ್ ಮುಖ ಕಿತ್ತೆ. ಬರೀ ಪ್ಲಾಸ್ಟಿಕ್ ಜಾಲರಿ. ಬಟ್ಟೆ ಇಲ್ಲ.

ಶುಕ್ರವಾರ ಮತ್ತೆ ಕೋರಮಂಡಲ್. ಹೋದವಳೇ ಕಂಪ್ಯೂಟರಿನ ಮುಖ ಕಿತ್ತು, ಬಟ್ಟೆಯನ್ನು ಸರಿಯಾಗಿ ನೋಡಿದೆ. ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಹುಕ್ಕು. ರವಿಕೆಯ ಹುಕ್ಕು. ಯಾವ ದೇಶದ ಕಂಪನಿ ಫಿಲ್ಟರಿಗೆ ರವಿಕೆ ಹುಕ್ಕು ಹಾಕುತ್ತದೆ?

"ಸೆಲ್ವಿ, ಇದು ಯಾರು ಹೊಲಿದದ್ದು?"

"ನಾನೇ ಕ್ಕಾ. ಗಾಳಿ ಶುರುವಾದ ದಿನಾನೇ ಆರಕ್ಕೂ ಹಾಕ್ದೆ. ನಿನಗೆ ಹಿಡಿಸ್ತು ಅಂದ್ಯಲ್ಲ, ಇನ್ನೊಂದು ಜೊತೆನೂ ಹೊಲಿದು ಇಟ್ಟಿದ್ದೀನಿ."

ಒಳಗಿನಿಂದ ತಂದು ತೋರಿಸಿದಳು. ಇಸ್ತ್ರಿ ಮಾಡಿದ್ದು. ಆರು.

"ಎಂಥ ಬಟ್ಟೆ ಇದು?"

"ಲೈನಿಂಗ್ ಬಟ್ಟೆ. ಡಬಲ್. ಒಂದು ಪದರ ಹಾಕಿದ್ರೆ ಧೂಳು ತೂರ್ತದೆ ಅಂತ ಎರಡು ಪದರ."

"ಎಳೆಯೋಕೆ ಶುರುವಾಗಿದ್ದು ಯಾವಾಗ?"

ಸೆಲ್ವಿ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಹುಕ್ಕನ್ನು ನೋಡಿದಳು, ನನ್ನನ್ನು ನೋಡಿದಳು.

"ನಾನೇ ಕತ್ತು ಹಿಚುಕಿದ್ನಾ ಕ್ಕಾ?"

"ಕತ್ತು ಅಲ್ಲ, ಮೂಗು."

"ನೀನು ಚೆನ್ನಾಗೈತೆ ಅಂದೆ."

"ಹೊಲಿಗೆ ಚೆನ್ನಾಗೈತೆ. ಈಗಲೂ ಹಂಗೇ ಅಂತೀನಿ. ಕಂಪನೀದು ಅನ್ಕೊಂಡು ಬಿಟ್ಟೆ."

ಅದನ್ನು ಕೇಳಿ ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಡೆಗೆ ನಕ್ಕಳು. "ಕಂಪನೀದು ಅನ್ಕೊಂಡ್ಯಾ? ನಿಜವಾಗ್ಲೂ?" ಎಂದು ಎರಡು ಸಲ ಕೇಳಿದಳು.

ಬಟ್ಟೆ ಬಿಚ್ಚಿದರೆ ಕಂಪ್ಯೂಟರು ಉಸಿರಾಡಿತು. ಆದರೆ ಬಟ್ಟೆಯೇ ಇಲ್ಲದೆ ಬಿಡುವ ಹಾಗಿಲ್ಲ. ಪ್ಲಾಸ್ಟಿಕ್ ಜಾಲರಿಯ ತೂತಿನಲ್ಲಿ ಗುಡ್ಡದ ಧೂಳು ಮೆರವಣಿಗೆ ಹೋಗುತ್ತದೆ. ಗಾಳಿ ಒಳಗೆ ಬರಬೇಕು, ಧೂಳು ಹೊರಗೆ ನಿಲ್ಲಬೇಕು. ಅಂಥ ಬಟ್ಟೆ ಯಾವುದು? ಇದಕ್ಕೆ ನನ್ನ ಬಿ.ಎಸ್ಸಿ.ಯಲ್ಲಿ ಪಾಠ ಇರಲಿಲ್ಲ, ಅವಳ ಹೊಲಿಗೆಯಲ್ಲೂ ಇರಲಿಲ್ಲ. ಹೊಲಿಗೆಯಲ್ಲಿ ಬಟ್ಟೆ ಮೈ ಮುಚ್ಚಬೇಕು, ಅಷ್ಟೇ.

ಅವಳು ಚೂರು ಬಟ್ಟೆಯ ಮೂಟೆಯನ್ನು ನೆಲಕ್ಕೆ ಸುರಿದಳು. ಪರೀಕ್ಷೆ ಹೇಗೆ ಮಾಡುವುದು ಎಂದು ತಲೆ ಕೆರೆದುಕೊಂಡು, ದೇವರ ಮುಂದಿನಿಂದ ಒಂದು ಊದುಬತ್ತಿ ತಂದು ಹಚ್ಚಿದೆ. ಫ್ಯಾನಿನ ಮುಂದೆ ಬಟ್ಟೆ ಹಿಡಿದು, ಬಟ್ಟೆಯ ಮುಂದೆ ಊದುಬತ್ತಿ ಹಿಡಿಯುವುದು. ಲೈನಿಂಗ್ ಬಟ್ಟೆ ಹಿಡಿದಾಗ ಹೊಗೆ ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ನೆಟ್ಟಗೆ ಸೂರಿಗೆ ಹೋಯಿತು. ಸೊಳ್ಳೆಪರದೆ ಹಿಡಿದರೆ ಹೊಗೆ ಬಾಗಿ ಒಳಗೆ ನುಗ್ಗಿತು. ಸಂತೋಷಪಟ್ಟು, ಕಿಟಕಿಯ ಅಂಚಿನಿಂದ ಒಂದು ಚಿಟಿಕೆ ಧೂಳು ತೆಗೆದು ಅದರ ಮೇಲೆ ಹಾಕಿದರೆ ಅದೂ ನುಗ್ಗಿತು. ವಾಯಿಲ್, ಜಾರ್ಜೆಟ್, ಮಗುವಿನ ಫ್ರಾಕಿನ ನೆಟ್ಟು, ಒಂದೊಂದೇ ನೋಡುತ್ತಾ ಹೋದೆವು. ಕೋಣೆ ತುಂಬ ಸಂಪಿಗೆ ವಾಸನೆ. ಎದುರು ಮನೆಯ ಅಜ್ಜಿ ಬಂದು ತಮಿಳಿನಲ್ಲಿ, "ಎನ್ನಾ ಸೆಲ್ವಿ, ಪೂಜೆಯಾ?" ಎಂದು ಕೇಳಿ, ಇಬ್ಬರು ಹೆಂಗಸರು ಕಂಪ್ಯೂಟರಿಗೆ ಊದುಬತ್ತಿ ಬೆಳಗುವುದನ್ನು ನೋಡಿ ಕೈಮುಗಿದು ಹೋದರು.

ಕೊನೆಗೆ ಗೆದ್ದದ್ದು ಅವಳ ಅತ್ತೆಯ ಕಾಲದ ಒಂದು ನೈಲಾನ್ ಸೀರೆ. ಬಿಗಿಯಾಗಿ ಎಳೆದು ಒಂದೇ ಪದರ ಹಿಡಿದರೆ ಹೊಗೆ ಬಾಗಿ ಒಳಗೆ ಹೋಯಿತು, ಧೂಳು ಬಟ್ಟೆಯ ಮೇಲೆ ಉಳಿಯಿತು. ಪೂರ್ತಿ ಉಳಿಯಿತು ಎಂದು ಸುಳ್ಳು ಹೇಳುವುದಿಲ್ಲ, ಬಹಳಷ್ಟು ಉಳಿಯಿತು. ಗಾಳಿ ಕಾಲ ಮುಗಿಯುವವರೆಗೆ ದಿನ ಬಿಟ್ಟು ದಿನ ಒಗೆದು ಒಣಗಿಸಿ ಹಾಕಬೇಕು ಎಂದು ತೀರ್ಮಾನವಾಯಿತು. ಶನಿವಾರ ಸಂಜೆಯ ಹೊತ್ತಿಗೆ ಹೊಸ ಫಿಲ್ಟರುಗಳು ಕೂತವು. ನೇರಳೆ ಬಣ್ಣ, ಮೇಲೆ ಹಳದಿ ಹೂ. ಅದೇ ಹುಕ್ಕು.

ಭಾನುವಾರ ನನಗೆ ರಜೆ. ಆದರೂ ಹೋದೆ. ಬಂಗಾರಪೇಟೆಯ ಮೂವರ ತಂಡಕ್ಕೆ ನಾಯಕ ನವೀನ ಎಂಬ ಬಿ.ಕಾಂ. ಹುಡುಗ. ಅವನು ಆಡುವುದಕ್ಕಿಂತ ಅವನ ಬಾಯಿ ಹೆಸರುವಾಸಿ. ಸೋತಾಗಲೆಲ್ಲ ಹೆಡ್‌ಫೋನ್ ಕಿತ್ತು, "ಲ್ಯಾಗ್, ಲ್ಯಾಗ್" ಎಂದು ಎದ್ದು ನಿಲ್ಲುವುದು ಅವನ ಪದ್ಧತಿ. ಅವನ ಮಾತು ಕೇಳಿಯೇ ಅರ್ಧ ಹುಡುಗರು ಸೆಲ್ವಿಯ ಸೆಂಟರ್ ಬಿಟ್ಟದ್ದು. ಒಳಗೆ ಬಂದವನೇ ಕಂಪ್ಯೂಟರಿನ ಜಾಲರಿಯಲ್ಲಿ ಇಣುಕಿ, "ಇದೇನಕ್ಕ, ಸೀರೆ ಉಡಿಸಿದ್ದೀರಾ?" ಎಂದ.

"ಹೂಂ ಕಣ್ಲಾ. ನೀನು ಉಟ್ಕೊಂಡಿರೋ ಪ್ಯಾಂಟಿಗಿಂತ ಗಾಳಿ ಆಡ್ತದೆ, ಕೂತ್ಕೋ" ಎಂದಳು ಸೆಲ್ವಿ. ದನಿ ಗಟ್ಟಿಯಾಗಿತ್ತು. ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಿತ್ತು.

ಮೊದಲ ಆಟ ಬಂಗಾರಪೇಟೆ ಗೆದ್ದಿತು. ಎರಡನೆಯದು ಕೋರಮಂಡಲ್. ನಾನು ಹಿಂದೆ ಸ್ಟೂಲಿನ ಮೇಲೆ ಕೂತು ಪರದೆಯ ಮೂಲೆಯ ಅಂಕಿಯನ್ನೇ ನೋಡುತ್ತಿದ್ದೆ. ಆಟ ಯಾವುದು, ಯಾರು ಯಾರನ್ನು ಹೊಡೆದರು, ಒಂದೂ ಗೊತ್ತಾಗಲಿಲ್ಲ. ಅರ್ಧ ಗಂಟೆ ದಾಟಿತು. ಅಂಕಿ ಎಪ್ಪತ್ತರ ಹತ್ತಿರ ನಿಂತು, ಅಲ್ಲೇ ಆಡಿಕೊಂಡಿತು. ಹೊರಗೆ ಗಾಳಿ ತಗಡಿನ ಮೇಲೆ ಧೂಳನ್ನು ತಂದು ಸುರಿಯುತ್ತಿತ್ತು. ಮೂರನೆಯ ಆಟದ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಕಿರುಚಿದರು. ನವೀನನ ಆಟಗಾರ ನೆಲದ ಮೇಲೆ ಬಿದ್ದಿದ್ದ. ಕೋರಮಂಡಲ್ ಹುಡುಗರು ಕುಣಿಯುತ್ತಿದ್ದರು.

ನವೀನ ಹೆಡ್‌ಫೋನ್ ತೆಗೆದ. ಎದ್ದು ನಿಂತ. ಸೆಲ್ವಿ ನನ್ನ ಭುಜ ಹಿಡಿದಳು. ಅವನು ಬಾಯಿ ತೆಗೆದ, ಪರದೆ ನೋಡಿದ. ಅಲ್ಲಿ ಎಲ್ಲವೂ ನೀರಿನ ಹಾಗೆ ಹರಿಯುತ್ತಿತ್ತು. ಬಾಯಿ ಮುಚ್ಚಿ ಕೂತ.

"ಏನ್ಲೇ, ಲ್ಯಾಗಾ?" ಎಂದು ಕೋರಮಂಡಲ್‌ನವನೊಬ್ಬ ಕೆಣಕಿದ.

"ಅಕ್ಕಾ," ಎಂದ ನವೀನ ಸೆಲ್ವಿಯ ಕಡೆ ತಿರುಗಿ, ಬಹಳ ಬೇಸರದಿಂದ, "ಮೊದಲೇ ಚೆನ್ನಾಗಿತ್ತು ನಿಮ್ಮ ಸೆಂಟ್ರು. 'ಅದು ಎಳೀತು, ಅದಕ್ಕೇ ಸೋತೆ' ಅನ್ನಬಹುದಿತ್ತು. ಈಗ ಸೋತ್ರೆ ನಾವೇ ಸೋತಂಗೆ ಅಲ್ವಾ?"

"ಹೂಂ, ನೀವೇ ಸೋತಂಗೆ."

"ಹಂಗಾದ್ರೆ ಮುಂದಿನ ಭಾನುವಾರ ಮೂರು ಸೀಟು ಹಿಡಿದಿಡಿ. ಬೇರೆ ಕಡೆ ಸೋತ್ರೆ ನಿಜವಾಗ್ಲೂ ಸೋತ್ವಾ ಅಂತ ನಂಬಿಕೆ ಬರಲ್ಲ."

ಇಷ್ಟು ವರ್ಷದ ಕೆಲಸದಲ್ಲಿ ನನಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಹುಡುಗರೇ, ನೀವು ಒಂದು ಕಂಪ್ಯೂಟರನ್ನು ನೆಟ್ಟಗೆ ಮಾಡಿದರೆ ಯಾರೋ ಒಬ್ಬನ ನೆಪ ಕಿತ್ತುಕೊಂಡಿರುತ್ತೀರಿ. ಅವನು ಥ್ಯಾಂಕ್ಸ್ ಹೇಳುತ್ತಾನೆ ಎಂದು ಕಾಯಬೇಡಿ.

ಸೋಮವಾರದ ಟ್ರೈನಿನ ಮಾತನ್ನು ಸೆಲ್ವಿ ಅವತ್ತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಒಂದು ಭಾನುವಾರ ಗೆದ್ದದ್ದಕ್ಕೆ ಕೈಯಲ್ಲಿರುವ ಕೆಲಸ ಬಿಡು ಎಂದು ಹೇಳಲು ನನಗೆ ಏನು ಹಕ್ಕು? ಹುಡುಗರು ಮನಸ್ಸು ಬದಲಿಸಬಹುದು, ಧೂಳು ನೈಲಾನಿನಲ್ಲೂ ತೂರಬಹುದು. ಗಾರ್ಮೆಂಟ್ಸ್‌ನವರ ಕಾಲರ್ ಮಾತ್ರ ತಪ್ಪದೆ ಬರುತ್ತದೆ.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಫೋನು ಬಂತು.

"ಅಕ್ಕಾ, ಕನಕ ಟ್ರೈನಿಂದ ಫೋನ್ ಮಾಡಿದ್ಲು. ಸೀಟ್ ಮೇಲೆ ದುಪಟ್ಟ ಹಾಕಿ ಜಾಗ ಹಿಡಿದಿದ್ದೀನಿ, ಓಡಿ ಬಾ ಅಂತ."

"ನೀನೇನಂದೆ?"

"ದುಪಟ್ಟ ತಗೊಂಬಿಡು, ನಿಂತಿರೋರು ಯಾರಾನ ಕೂತ್ಕೊಳ್ಲಿ ಅಂದೆ."

"ಟ್ರೈನು ಹೋಗೋದು ನೋಡ್ದಾಗ ಏನನ್ನಿಸ್ತು?"

"ಎಲ್ಲಿ ನೋಡ್ಲಿ ಕ್ಕಾ," ಎಂದಳು ಸೆಲ್ವಿ. "ಸೆಂಟರ್ ಬಾಗಿಲು ಗುಡಿಸ್ತಾ ಇದ್ದೆ."